ವರಲಕ್ಷ್ಮಿಯ ಸೊರ, ನನ್ನ ಹೊಟ್ಟೆಕಿಚ್ಚು

ಮುರುಗಮಲ್ಲ

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ನಾನು ಭೂಗೋಳದ ಮೇಷ್ಟ್ರು. ಪ್ರತಿ ವರ್ಷ ಕರಿಹಲಗೆಯ ಮೇಲೆ ಆಸ್ಟ್ರೇಲಿಯಾದ ನಕ್ಷೆ ಬರೆಯುತ್ತೇನೆ, ಕೆಳಗೆ ಬಲಗಡೆ ಟಾಸ್ಮೇನಿಯಾ ಎಂದು ಒಂದು ಚುಕ್ಕಿ ಇಡುತ್ತೇನೆ. ಪರೀಕ್ಷೆಯಲ್ಲಿ ಮಕ್ಕಳು ಆ ಚುಕ್ಕಿಯನ್ನು ಮರೆಯುತ್ತಾರೆ, ನಾನು ಅರ್ಧ ಮಾರ್ಕು ಕತ್ತರಿಸುತ್ತೇನೆ. ಆ ಚುಕ್ಕಿಗೂ ನನಗೂ ಇದ್ದ ಸಂಬಂಧ ಅಷ್ಟೇ. ಜಗತ್ತಿನ ನದಿ, ಬೆಟ್ಟ, ಮರುಭೂಮಿಗಳನ್ನೆಲ್ಲ ಬಾಯಿಪಾಠ ಮಾಡಿಸುವ ನಾನು ತಿರುಪತಿ ದಾಟಿ ಆಚೆ ಹೋದವನಲ್ಲ. ಹೀಗಿರುವಾಗ ಸರ್ಕಾರ ಆ ಚುಕ್ಕಿಗೆ ಕಳಿಸಲು ಆರಿಸಿದ್ದು ನನ್ನನ್ನಲ್ಲ, ನನ್ನ ಹೆಂಡತಿ ವರಲಕ್ಷ್ಮಿಯನ್ನು. ಹೊಟ್ಟೆ ಉರಿಯಿತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೂ ಉರಿ ಉರಿಯೇ.

ವರ ಮೀನುಗಾರಿಕೆ ಇಲಾಖೆಯಲ್ಲಿ ಅಧಿಕಾರಿ. ಆಗತಾನೆ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿದ್ದ ಚಿಕ್ಕಬಳ್ಳಾಪುರದಲ್ಲಿ ಮೀನುಗಾರಿಕೆ ಇಲಾಖೆ ಇದೆ ಎಂದರೇ ಹೊರಗಿನವರು ನಗುತ್ತಿದ್ದರು. ಸಮುದ್ರವಿಲ್ಲ, ತುಂಬಿ ಹರಿಯುವ ಹೊಳೆಯಿಲ್ಲ, ಇರುವುದು ಕೆರೆಗಳು. ಅವುಗಳಿಗೆ ಕಾಟ್ಲಾ, ರೋಹು ಮರಿ ಬಿಡಿಸುವುದು ಇವಳ ಕೆಲಸ. ಆದರೆ ಮಂಗಳೂರಿನ ಕಾಲೇಜಿನಲ್ಲಿ ಇವಳು ಓದಿದ್ದು ಶಾರ್ಕುಗಳ ಬಗ್ಗೆ. ಕೆಲವು ವರ್ಷಗಳ ಹಿಂದೆ ದೆಹಲಿಯ ಸರ್ಕಾರ ಯಾವ ಶಾರ್ಕನ್ನೂ ಹಿಡಿಯಕೂಡದೆಂದು ಆಜ್ಞೆ ಹೊರಡಿಸಿತ್ತು. ಕರಾವಳಿಯವರು ಗಲಾಟೆ ಮಾಡಿದ ಮೇಲೆ ಕೆಲವೇ ಜಾತಿಗಳನ್ನು ನಿಷೇಧದ ಪಟ್ಟಿಯಲ್ಲಿ ಉಳಿಸಿಕೊಂಡು ಮಿಕ್ಕವನ್ನು ಕೈಬಿಟ್ಟಿತು. ಬಲೆಗೆ ಬಿದ್ದದ್ದು ಯಾವ ಜಾತಿಯದು, ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಗೊಂದಲ ಮಾತ್ರ ಹಾಗೇ ಉಳಿಯಿತು. ಶಾರ್ಕಿನ ಬೇಟೆಗೆ ಕಟ್ಟುಪಾಡು ಹಾಕಿ, ಅದನ್ನು ನಡೆಸಿಕೊಂಡೂ ಬಂದಿರುವ ಊರೊಂದನ್ನು ನೋಡಿಬರಲಿ ಎಂದು ಇಬ್ಬರನ್ನು ಆರಿಸಿದರು. ಅದರಲ್ಲಿ ಇವಳೊಬ್ಬಳು. ನಾನು ಸ್ವಂತ ಖರ್ಚಿನಲ್ಲಿ ಬಾಲದ ಹಾಗೆ ಹಿಂದೆ ಹೊರಟೆ.

ಹೊರಡುವ ಮುಂಚೆ ಮುರುಗಮಲ್ಲದ ಅತ್ತೆಮನೆಗೆ ಹೋದೆವು. ವರ ಹಿತ್ತಲಲ್ಲಿ ನಿಂತು ಮೊಬೈಲಿನಲ್ಲಿ ತೆಲುಗು ಮಾತಾಡುತ್ತಿದ್ದಳು. ಆ ಕಡೆ ಇದ್ದವನು ಪ್ರಸಾದ್. ಕಾಕಿನಾಡದವನು, ಮಂಗಳೂರಿನಲ್ಲಿ ಇವಳ ಜೊತೆ ಓದಿದವನು, ಈಗ ಆಂಧ್ರದಲ್ಲಿ ಅಧಿಕಾರಿ. ಪ್ರವಾಸಕ್ಕೆ ಆರಿಸಿದ ಇನ್ನೊಬ್ಬ ಅವನೇ. ಮಾತಿನಲ್ಲಿ ಎತ್ತಿದರೆ ‘ಸೊರ’, ಇಳಿಸಿದರೆ ‘ಸೊರ’, ನಡುನಡುವೆ ಕಿಲಕಿಲ ನಗು. ನನಗೆ ಫೋನು ಮಾಡಿದಾಗ ‘ಬರ್ತಾ ಹಾಲು ತನ್ನಿ’ ಎನ್ನುವುದಕ್ಕಿಂತ ಉದ್ದದ ಮಾತನ್ನು ಅವಳು ಆಡಿದ್ದು ನನಗೆ ನೆನಪಿಲ್ಲ.

ಅತ್ತೆಗೂ ಆ ಮಾತು ಕೇಳಿಸಿತು. ನಮ್ಮ ಚಿಂತಾಮಣಿ ಕಡೆಯ ತೆಲುಗಿನಲ್ಲಿ ಸೊರ ಎಂದರೆ ಸೋರೆಕಾಯಿ.

“ಏನೇ ಅದು, ಸೊರ ನೋಡಕ್ಕೆ ವಿಮಾನ ಹತ್ಬೇಕಾ? ನಮ್ಮ ಚಪ್ಪರದ ಮೇಲೆ ಬೇಕಾದಷ್ಟು ಬಿದ್ದವಲ್ಲೇ!”

“ಅಮ್ಮಾ, ಆ ಸೊರ ಅಲ್ಲಮ್ಮ. ಸಮುದ್ರದ ಕಡೆ ತೆಲುಗಲ್ಲಿ ಸೊರ ಅಂದ್ರೆ ಶಾರ್ಕು. ದೊಡ್ಡ ಮೀನು.”

“ಮೀನಿಗೆ ಯಾರಾದ್ರೂ ತರಕಾರಿ ಹೆಸರಿಡ್ತಾರಾ? ಸುಮ್ನಿರೇ,” ಎಂದು ಅತ್ತೆ ನಂಬಲೇ ಇಲ್ಲ.

ಸಾರಿಗೊಂದು ಕಾಯಿ ಕಿತ್ತುಕೊಡಿ ಎಂದದ್ದಕ್ಕೆ ನಾನು ಚಪ್ಪರದಲ್ಲಿದ್ದ ಎಲ್ಲಕ್ಕಿಂತ ದಪ್ಪದ ಸೋರೆಕಾಯಿಗೆ ಕೈ ಹಾಕಿದೆ. ಅತ್ತೆ ಓಡಿಬಂದರು. “ಅಯ್ಯೋ, ಅದನ್ನ ಮುಟ್ಟಬೇಡಿ ಅಳಿಯಂದ್ರೇ! ಬೀಜಕ್ಕೆ ಬಿಟ್ಟಿರೋದು. ಕೆಂಪು ಬಟ್ಟೆ ಕಟ್ಟಿದೀನಿ, ಕಾಣಲ್ವಾ? ಕಳ್ಳ ಬಂದ್ರೂ ಅದೊಂದನ್ನ ಬಿಟ್ಟು ಹೋಗ್ತಾನೆ. ನೀವು ಮೇಷ್ಟ್ರಾಗಿ ಕೀಳ್ತೀರಲ್ಲ!”

ಮಗಳು ಪರದೇಶಕ್ಕೆ, ಅಳಿಯ ಕಳ್ಳನಿಗಿಂತ ಕಡೆ. ಪ್ರವಾಸ ಹೀಗೆ ಶುರುವಾಯಿತು.

ಮೆಲ್ಬರ್ನ್

ಟಾಸ್ಮೇನಿಯಾಕ್ಕೆ ಹೋಗುವವರು ಮೆಲ್ಬರ್ನ್‌ನಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ಹೊರಗಿನ ಬೀಜ, ಹಣ್ಣು, ಮಣ್ಣು ಒಳಗೆ ಬರಬಾರದೆಂದು ಕಾಯುವ ನಾಯಿಗಳಿವೆ. ಒಂದು ಸಣ್ಣ ನಾಯಿ ಸಾಲಿನಲ್ಲಿದ್ದವರನ್ನೆಲ್ಲ ಮೂಸಿಕೊಂಡು ಬಂದು ನನ್ನ ಚೀಲದ ಮುಂದೆ ಕೂತುಬಿಟ್ಟಿತು. ನಾನು ದಾರಿ ಬಿಟ್ಟು ನಿಂತೆ. ಅದು ಏಳಲಿಲ್ಲ. ಅಧಿಕಾರಿಯೊಬ್ಬ ಬಂದು ಚೀಲ ಬಿಚ್ಚಿದ. ನನ್ನ ಸ್ವೆಟರಿನ ಜೇಬಿನಿಂದ ಒಂದು ಬಟ್ಟೆಯ ಗಂಟು ಹೊರಬಿತ್ತು. ಒಳಗೆ ಸೋರೆ ಬೀಜ. ಸೊರ ನೋಡಲು ಹೋಗುವವರು ಬರಿಗೈಯಲ್ಲಿ ಹೋಗಬಾರದು, ನಮ್ಮ ಬೀಜವನ್ನೂ ಆ ದೊರೆಸಾನಿಯರಿಗೆ ಕೊಟ್ಟುಬರಲಿ ಎಂದು ಅತ್ತೆ ಹೇಳದೆ ಕೇಳದೆ ಇಟ್ಟಿದ್ದರು.

“ಇದೇನು?” ಎಂದು ಅಧಿಕಾರಿ ಕೇಳಿದ. ಸೋರೆಕಾಯಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬುದು ಹಾಳಾದ್ದು ನಾಲಗೆಗೆ ಬರಲಿಲ್ಲ. ಗಾಬರಿಯಲ್ಲಿ “ಸೊರ, ಸೊರ” ಎಂದೆ.

ಹಿಂದೆ ನಿಂತಿದ್ದ ಪ್ರಸಾದ್ ನೆರವಿಗೆ ಹಾರಿಬಂದ. ನೆರವಿಗೆ ಹಾರುವುದರಲ್ಲಿ ಅವನು ಎತ್ತಿದ ಕೈ. ಸೊಗಸಾದ ಇಂಗ್ಲಿಷಿನಲ್ಲಿ, “ಶಾರ್ಕು ಅಂತಿದ್ದಾರೆ,” ಎಂದು ಅಧಿಕಾರಿಗೆ ಹೇಳಿದ.

ಅಧಿಕಾರಿ ಬೀಜವನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. “ಶಾರ್ಕಿನ ಬೀಜ?”

ವರ ಅಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಧಿಕಾರಿಗೆ ಅದು ತರಕಾರಿ ಎಂದು ತಿಳಿಸಿ ಹೇಳಿದವಳೂ ಅವಳೇ. ಪ್ರಸಾದನ ಊರಿನಲ್ಲಿ ಸೋರೆಕಾಯಿಯನ್ನು ಸೊರ ಅನ್ನುವುದೇ ಇಲ್ಲವಂತೆ. “ಆನಪಕಾಯ ಅನಾಲಿ ಬಾವಗಾರು! ಸೊರ ಅಂದ್ರೆ ನಮ್ಗೆ ಶಾರ್ಕೇ,” ಎಂದು ಅವನೂ ನಕ್ಕ. ನನ್ನನ್ನು ಮೊದಲ ದಿನದಿಂದ ಅವನು ‘ಬಾವಗಾರು’ ಎಂದೇ ಕರೆಯುತ್ತಿದ್ದ. ಬಾಯಲ್ಲಿ ಬಾವ, ಮನಸ್ಸಿನಲ್ಲಿ ಇನ್ನೇನು ಭಾವವೋ ಎಂದು ನಾನು ಗುರುಗುಟ್ಟಿಕೊಂಡೆ. ಬೀಜವನ್ನು ಡಬ್ಬಿಗೆ ಎಸೆದು, ಎಚ್ಚರಿಕೆ ಕೊಟ್ಟು, ಸಹಕರಿಸಿದ್ದಕ್ಕೆ ವಂದನೆಯನ್ನೂ ಹೇಳಿ ನಮ್ಮನ್ನು ಬಿಟ್ಟರು. ಮುಂದಿನ ವಿಮಾನದಲ್ಲಿ ಅವರಿಬ್ಬರೂ ಒಂದು ಕಡೆ ಕೂತು “ಶಾರ್ಕಿನ ಬೀಜ” ಎಂದು ನೆನೆಸಿಕೊಂಡು ನಗುತ್ತಲೇ ಇದ್ದರು. ನನ್ನ ಸೀಟು ರೆಕ್ಕೆಯ ಹಿಂದೆ, ಮಲಗಿದ ದಪ್ಪ ಮನುಷ್ಯನೊಬ್ಬನ ಪಕ್ಕ.

ಹೋಬಾರ್ಟ್

ನಂದಿಬೆಟ್ಟವನ್ನು ಕಿತ್ತು ಸಮುದ್ರದ ದಡಕ್ಕೆ ತಂದಿಟ್ಟರೆ ಹೋಬಾರ್ಟ್ ಆಗುತ್ತದೆ. ಬೆಟ್ಟದಿಂದ ಇಳಿಯುವ ಗಾಳಿ ಮಾತ್ರ ನಂದಿಯದಲ್ಲ, ಅದು ಸ್ವೆಟರಿನೊಳಕ್ಕೆ ಕೈ ಹಾಕುತ್ತದೆ. ಮೊದಲ ದಿನ ಕಚೇರಿಯಲ್ಲಿ ಎಲ್ಲರಿಗೂ ಕೊರಳಿಗೆ ಹಾಕಿಕೊಳ್ಳುವ ಹೆಸರಿನ ಚೀಟಿ ಕೊಟ್ಟರು. ವರಳ ಚೀಟಿಯಲ್ಲಿ ಅವಳ ಹೆಸರು, ಹುದ್ದೆ, ದೇಶ. ಪ್ರಸಾದನದೂ ಹಾಗೇ. ನನ್ನದರಲ್ಲಿ ‘ವರಲಕ್ಷ್ಮಿಯವರ ಜೊತೆಗಾರ’ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಕಡೆ ಮದುವೆ ಪತ್ರಿಕೆಯಲ್ಲಿ ಹೆಂಗಸರ ಹೆಸರು ಬಿಟ್ಟು ‘ಶ್ರೀಮತಿ’ ಎಂದು ಮಾತ್ರ ಹಾಕಿಸುವವರಿಗೆಲ್ಲ ಒಮ್ಮೆ ಈ ಚೀಟಿ ಹಾಕಿಸಬೇಕು.

ಅವರು ಒಳಗೆ ಪಾಠ ಕೇಳುವಾಗ ನಾನು ಬೀದಿ ಸುತ್ತಿದೆ. ರಸ್ತೆ ದಾಟಲು ನಿಂತರೆ ಕಾರು ನಿಲ್ಲುತ್ತದೆ. ಕಾರು ಹೋಗಲಿ ಎಂದು ನಾನು ನಿಂತೆ, ನಾನು ಹೋಗಲಿ ಎಂದು ಕಾರು ನಿಂತಿತು. ನಾನು ಕೈ ಬೀಸಿದೆ, ಒಳಗಿದ್ದ ಅಜ್ಜಿ ಕೈ ಬೀಸಿದಳು. ಹಿಂದೆ ಕಾರುಗಳ ಸಾಲು ಬೆಳೆಯಿತು, ಒಬ್ಬನಾದರೂ ಹಾರ್ನು ಹೊಡೆಯಲಿಲ್ಲ. ಹಿಂದೂಪುರ ರಸ್ತೆಯಲ್ಲಿ ಇಷ್ಟು ಹೊತ್ತು ನಿಂತಿದ್ದರೆ ನನ್ನ ಮೂರು ತಲೆಮಾರನ್ನು ಬಯ್ದಿರುತ್ತಿದ್ದರು. ಇಂಥ ಜನಕ್ಕೆ ಕಾನೂನು ಮಾಡುವುದು ಏನು ಮಹಾ ಎನ್ನಿಸಿ, ಆ ದೇಶದ ಮೇಲೂ ಹೊಟ್ಟೆಕಿಚ್ಚು ಶುರುವಾಯಿತು.

ಮಧ್ಯಾಹ್ನ ದೋಣಿಕಟ್ಟೆಯಲ್ಲಿ ಬಿಸಿಬಿಸಿಯಾಗಿ ಕರಿದ ಮೀನು ತಿಂದೆ. ಹಲಗೆಯ ಮೇಲೆ ‘ಫ್ಲೇಕ್’ ಎಂದು ಬರೆದಿತ್ತು. ಮುಳ್ಳಿಲ್ಲ, ವಾಸನೆಯಿಲ್ಲ. ನಾನು ಹುಟ್ಟಿ ಬೆಳೆದ ನಗರಗೆರೆಯ ಮನೆಯಲ್ಲಿ ಕೆರೆಮೀನಿನ ಮುಳ್ಳು ತೆಗೆದು ತೆಗೆದು ತಿಂದವನಿಗೆ ಅದು ಹಬ್ಬದೂಟ. ಸಂಜೆ ವರಳಿಗೆ ಹೇಳಿದೆ, “ಎಷ್ಟು ಚೆನ್ನಾಗಿತ್ತು ಗೊತ್ತಾ ಆ ಫ್ಲೇಕು?”

“ಅದು ಸೊರ ರೀ! ಶಾರ್ಕನ್ನೇ ಇಲ್ಲಿ ಫ್ಲೇಕ್ ಅಂತ ಮಾರ್ತಾರೆ. ನೀವು ತಿಂದಿದ್ದು ನನ್ನ ಪಾಠಾನ!”

ಪ್ರಸಾದನಿಗೆ ಮತ್ತೊಂದು ನಗು ಸಿಕ್ಕಿತು. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ವರ ನನಗೆ ಬಿಡಿಸಿ ಹೇಳಿದಳು. ಇಲ್ಲಿ ಶಾರ್ಕು ಹಿಡಿಯಬಾರದು ಎಂದಿಲ್ಲ, ಹಿಡಿಯುವುದಕ್ಕೆ ಲೆಕ್ಕ ಇದೆ. ವರ್ಷಕ್ಕೆ ಇಷ್ಟೇ, ಇಷ್ಟು ಉದ್ದ ಬೆಳೆದಿದ್ದರೆ ಮಾತ್ರ. ರೆಕ್ಕೆ ಕತ್ತರಿಸಿಕೊಂಡು ಮೈಯನ್ನು ಸಮುದ್ರಕ್ಕೆ ಎಸೆದು ಬರುವ ಹಾಗಿಲ್ಲ, ರೆಕ್ಕೆಯ ಜೊತೆ ಮೈಯೂ ದಡಕ್ಕೆ ಬರಬೇಕು. “ಬೇರೆ ಮೀನಿನ ಹಾಗೆ ಇವು ಲಕ್ಷಗಟ್ಟಲೆ ಮೊಟ್ಟೆ ಇಡಲ್ಲ ರೀ. ಮರಿ ಹಾಕೋಷ್ಟು ಬೆಳೆಯೋಕೇ ವರ್ಷಗಟ್ಟಲೆ ಬೇಕು. ಹಾಕೋದೂ ಕೆಲವೇ ಮರಿ. ಒಂದ್ಸಲ ಖಾಲಿ ಮಾಡಿದ್ರೆ ಮತ್ತೆ ತುಂಬೋಕಾಗಲ್ಲ.” ಮಾತಾಡುತ್ತ ಅವಳ ಅನ್ನ ತಣ್ಣಗಾಯಿತು. ಇಷ್ಟು ಹುರುಪಿನಲ್ಲಿ ಅವಳು ಮಾತಾಡಿದ್ದನ್ನು ನಾನು ಗೌರಿಬಿದನೂರಿನ ಮನೆಯಲ್ಲಿ ಕೇಳಿರಲಿಲ್ಲ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಮಜ್ಜಿಗೆ ಇಲ್ಲದ ಅನ್ನವನ್ನು ನುಂಗಿದೆ.

ಡನಾಲಿ

ಹೋಬಾರ್ಟಿನಿಂದ ಪೂರ್ವಕ್ಕೆ ಡನಾಲಿ ಎಂಬ ಮೀನುಗಾರರ ಊರಿಗೆ ನಮ್ಮನ್ನು ಕರೆದೊಯ್ದರು. ಊರು ಎಂದರೆ ಒಂದು ಕಾಲುವೆ, ದೋಣಿ ಬಂದಾಗ ಪಕ್ಕಕ್ಕೆ ಸರಿಯುವ ಒಂದು ಸೇತುವೆ, ಎರಡು ಅಂಗಡಿ. ನಮ್ಮನ್ನು ನೋಡಿಕೊಂಡವರು ಹೆಲೆನ್ ಎಂಬ ಅಧಿಕಾರಿಣಿ. ನರೆತ ಕೂದಲು, ಗಂಡಸರ ಬೂಟು, ಸೊಂಟದಲ್ಲಿ ಅಳತೆಪಟ್ಟಿ. ದಡಕ್ಕೆ ಬಂದ ದೋಣಿಯೊಂದರಿಂದ ಒಂದು ಶಾರ್ಕನ್ನು ಎತ್ತಿ ಹಲಗೆಯ ಮೇಲೆ ಮಲಗಿಸಿ, ಕೊನೆಯ ಕಿವಿರಿನ ಸೀಳಿನಿಂದ ಬಾಲದ ಬುಡದವರೆಗೆ ಪಟ್ಟಿ ಹಿಡಿದರು. ಮೂತಿಯಿಂದ ಯಾಕೆ ಅಳೆಯಲ್ಲ ಎಂದು ನಾನು ಕೇಳಿದೆ. “ತಲೆ, ಬಾಲ ಕತ್ತರಿಸಿ ತಂದವರೂ ಅಳತೆಯಿಂದ ತಪ್ಪಿಸಿಕೊಳ್ಳಬಾರದಲ್ಲ,” ಎಂದರು. ಮೇಷ್ಟ್ರಿಗೆ ಮೆಚ್ಚುಗೆಯಾಗುವಂಥ ಉತ್ತರ.

ಆ ಊರಿನ ಪಕ್ಕದ ಕೊಲ್ಲಿಯಲ್ಲಿ ಶಾರ್ಕು ಹಿಡಿಯುವುದು ಪೂರ್ತಿ ನಿಷೇಧ. ತಾಯಿ ಶಾರ್ಕುಗಳು ಮರಿ ಹಾಕಲು ಅಲ್ಲಿಗೆ ಬರುತ್ತವಂತೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಎಂದು ವರ ನನಗೆ ಕನ್ನಡದಲ್ಲಿ ಹೇಳಿದಳು. ದಡದಲ್ಲಿ ಒಬ್ಬ ಮುದುಕ ಬೇರೆ ಮೀನಿಗೆಂದು ಗಾಳ ಹಾಕಿ ಕೂತಿದ್ದ. ಅವರೆಲ್ಲ ದೂರ ಹೋಗಿದ್ದರು, ನಾನೊಬ್ಬನೇ ಬಂಡೆಯ ಹಿಂದೆ ಗಾಳಿ ತಪ್ಪಿಸಿಕೊಂಡು ನಿಂತಿದ್ದೆ. ಗಾಳಕ್ಕೆ ಮೊಳದುದ್ದದ ಶಾರ್ಕಿನ ಮರಿಯೊಂದು ಸಿಕ್ಕಿತು. ಮುದುಕ ಕೈ ಒದ್ದೆ ಮಾಡಿಕೊಂಡು, ಕೊಕ್ಕೆ ಬಿಡಿಸಿ, ನೀರಿನಲ್ಲಿ ಅದನ್ನು ಸ್ವಲ್ಪ ಹೊತ್ತು ಹಿಡಿದಿದ್ದು ಬಿಟ್ಟುಬಿಟ್ಟ. ನಾನು ಹೊರಗೆ ಬಂದು, ಯಾಕೆ ಬಿಟ್ಟಿರಿ, ಯಾರೂ ನೋಡುತ್ತಿರಲಿಲ್ಲವಲ್ಲ ಎಂದೆ. “ಇದು ಅವುಗಳ ಕೊಲ್ಲಿ ಅಲ್ಲವಾ?” ಎಂದು ಅವನು ನನ್ನನ್ನೇ ಸಂಶಯದಿಂದ ನೋಡಿದ.

ನನಗೆ ಚಿಂತಾಮಣಿ ಕಡೆಯ ಒಂದು ಕೆರೆ ನೆನಪಾಯಿತು. ಮರಿಗಳನ್ನೂ ಬಳಿದುಕೊಳ್ಳುವ ಸಣ್ಣ ಕಣ್ಣಿನ ಬಲೆ ಹಾಕಿದ್ದ ಗುತ್ತಿಗೆದಾರನಿಗೆ ವರ ಏರಿಯ ಮೇಲೆ ಸ್ಕೂಟರ್ ನಿಲ್ಲಿಸಿ ಗದರಿಸಿದ್ದಳು. ಅವನು ವೀಳ್ಯದೆಲೆ ಉಗಿದು, “ಯಾಕ್ ಮೇಡಂ, ಮೀನಿಗೂ ರೇಷನ್ ಕಾರ್ಡು ಮಾಡಿಸ್ಕೊಡ್ತೀರಾ?” ಎಂದಿದ್ದ. ಸುತ್ತ ಇದ್ದವರೆಲ್ಲ ನಕ್ಕಿದ್ದರು. ಅಂದು ಅವಳ ಜೊತೆ ಹೋಗಿದ್ದ ನಾನೂ ಕೊಂಚ ನಕ್ಕಿದ್ದೆ. ಇಲ್ಲಿ ಮುದುಕನೊಬ್ಬ ಹೇಳುವವರು ಕೇಳುವವರು ಇಲ್ಲದ ಕಡೆ ಕಾನೂನು ಪಾಲಿಸುತ್ತಾನೆ. ಹೆಲೆನ್ ಒಮ್ಮೆ ನಮ್ಮ ಕೆರೆಗೆ ಬಂದು ಪಟ್ಟಿ ಹಿಡಿಯಲಿ ನೋಡೋಣ ಎಂದು ಹಲ್ಲು ಕಡಿದೆ.

ಮರದ ಮನೆ

ಡನಾಲಿಯಲ್ಲಿ ನಮಗೆ ಕೊಟ್ಟದ್ದು ಕೊಲ್ಲಿಗೆ ಮುಖ ಮಾಡಿದ ಒಂದು ಮರದ ಮನೆ. ಸಂಜೆ ನಾನು ಒಳಗೆ ಉಪ್ಪಿಟ್ಟು ಕೆದಕುತ್ತಿದ್ದೆ. ವರ, ಪ್ರಸಾದ್ ಹೊರಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಕಿಟಕಿ ತೆರೆದಿತ್ತು.

“ಸಂವತ್ಸರಂ ಅಂಟೇ ಎಂತ? ಇಟ್ಟೇ ಪೋತುಂದಿ. ಬಾವಗಾರಿಕಿ ಮೀರೇ ಚೆಪ್ಪಂಡಿ,” ಎಂದ ಪ್ರಸಾದ್. ವರ್ಷ ಎಂದರೆಷ್ಟು, ಹೀಗೆ ಹೋಗಿಬಿಡುತ್ತದೆ, ನಿಮ್ಮ ಯಜಮಾನರಿಗೆ ನೀವೇ ಹೇಳಿ ಎಂದು ಅದರ ಅರ್ಥ. ಗೌರಿಬಿದನೂರಿನವನಿಗೆ ತೆಲುಗು ತಿಳಿಯದೆಂದು ಅವನು ತಿಳಿದಿದ್ದರೆ ಅದು ಅವನ ತಪ್ಪು.

ಸೌಟು ಹಿಡಿದೇ ಹೊರಗೆ ಹೋದೆ. “ಏನು ಹೇಳ್ಬೇಕು ನಂಗೆ?”

ವರ ಕಪ್ಪು ಕೆಳಗಿಟ್ಟಳು. “ಹೇಳಣ ಅಂತಾನೇ ಇದ್ದೆ ರೀ. ಇಲ್ಲಿ ಒಂದು ವರ್ಷ ಕೆಲಸ ಕಲಿಯೋಕೆ ಒಬ್ರಿಗೆ ಅವಕಾಶ ಇದೆ. ಈ ಕೊಲ್ಲೀಲಿ ಮರಿಗಳಿಗೆ ಗುರುತು ಹಾಕಿ ಬಿಡೋ ಕೆಲಸ. ಕಡೇ ದಿನ ನಾವಿಬ್ರೂ ಮಾತಾಡ್ಬೇಕು, ಒಬ್ರನ್ನ ಆರಿಸ್ತಾರೆ.”

“ನಿಂಗೆ ಬೇಕಾ?”

“ಬೇಕು,” ಎಂದಳು. ಹಿಂದೆ ಮುಂದೆ ನೋಡದೆ, ಒಂದೇ ಮಾತು. ಒಳಗೆ ಉಪ್ಪಿಟ್ಟು ಸೀದಿತು.

ಆ ಸೀದ ಉಪ್ಪಿಟ್ಟನ್ನು ತಿನ್ನುತ್ತ ನಾನು ಯೋಚಿಸಿದೆ. ಒಂದು ವರ್ಷ ಇವಳು ಇಲ್ಲಿ. ಆಮೇಲೆ ಊರಿಗೆ ಬಂದರೂ ಕೆರೆಗೆ ಬರುತ್ತಾಳೆಯೇ? ಕರಾವಳಿಗೇ ಹಾಕುತ್ತಾರೆ. ಇದು ತಪ್ಪಬೇಕಾದರೆ ದಾರಿ ಒಂದೇ, ಪ್ರಸಾದ್ ಗೆಲ್ಲಬೇಕು. ಎರಡು ವಾರದಿಂದ ಯಾರನ್ನು ಕಂಡರೆ ಆಗುತ್ತಿರಲಿಲ್ಲವೋ ಅವನ ಪಕ್ಷಕ್ಕೆ ನಾನು ಒಂದೇ ಊಟದಲ್ಲಿ ಸೇರಿಬಿಟ್ಟೆ. ರಾಜಕೀಯದವರೂ ಇಷ್ಟು ಬೇಗ ಪಕ್ಷ ಬದಲಿಸಲಾರರು.

ಮರುದಿನ ಬೆಳಿಗ್ಗೆ ಅವನನ್ನು ವಾಕಿಂಗಿಗೆ ಕರೆದೊಯ್ದೆ. ಅವನ ಕಷ್ಟ ಅವನೇ ಹೇಳಿಕೊಂಡ. “ಬಾವಗಾರು, ಎಲ್ಲ ಸರಿ. ಒಂದೇ ಪ್ರಶ್ನೆಗೆ ಉತ್ತರ ಇಲ್ಲ. ದೊಡ್ಡ ತಾಯಿ ಸೊರಾನ ಬಿಡಿ ಅಂದ್ರೆ ನಮ್ಮ ಬೆಸ್ತರು ಹೇಗೆ ಬಿಡ್ತಾರೆ? ಅದೇ ಅಲ್ವಾ ತೂಕ ಬರೋದು? ಹೆಲೆನ್ ಅದನ್ನೇ ಕೇಳ್ತಾರೆ, ನೋಡಿ.”

ತಾಯಿ ಸೊರ ಎಂದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ಶಾರ್ಕಲ್ಲ, ಮುರುಗಮಲ್ಲದ ಚಪ್ಪರ. ನಾನು ಕೈ ಹಾಕಿದ್ದು, ಅತ್ತೆ ಓಡಿಬಂದದ್ದು, ಕೆಂಪು ಬಟ್ಟೆ, ಕಳ್ಳನೂ ಕೀಳುವುದಿಲ್ಲ ಎಂದದ್ದು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಪ್ರಸಾದ್ ನಡೆಯುವುದನ್ನೇ ನಿಲ್ಲಿಸಿದ. “ಸೊರಕಿ ಸೊರನೇ ಉದಾಹರಣ! ಎಂತ ಬಾಗುಂದಿ ಬಾವಗಾರು!” ಎಂದು ಮೆಚ್ಚಿ ನನ್ನ ಕೈ ಹಿಡಿದು ಕುಲುಕಿದ.

“ನೀವೇ ಹೇಳಿ. ವರಳಿಗೆ ಹೇಳೋದು ಬೇಡ,” ಎಂದೆ. ಹೆಂಡತಿಯ ತವರಿನ ಸೋರೆಕಾಯಿಯನ್ನು ಕದ್ದು ಎದುರಾಳಿಗೆ ಕೊಟ್ಟ ಗಂಡ ಲೋಕದಲ್ಲಿ ನಾನೊಬ್ಬನೇ ಇರಬೇಕು. ಅತ್ತೆ ಹೇಳಿದ ಕಳ್ಳನಾದರೂ ಅದನ್ನು ಬಿಟ್ಟಿದ್ದ.

ಮತ್ತೆ ಹೋಬಾರ್ಟ್

ಕಡೆಯ ದಿನ ಕಚೇರಿಯ ಹಾಲಿನಲ್ಲಿ ನಾನು ಹಿಂದಿನ ಕುರ್ಚಿಯಲ್ಲಿ ಕೂತೆ, ಕೊರಳಲ್ಲಿ ಜೊತೆಗಾರನ ಚೀಟಿ. ಮೊದಲು ವರ ಮಾತಾಡಿದಳು. ಜಾತಿಗಳ ಬಗ್ಗೆ, ಅಳತೆಯ ಬಗ್ಗೆ ಚೆನ್ನಾಗಿಯೇ ಹೇಳಿದಳು. ಹೆಲೆನ್ ಎದ್ದು ಆ ಪ್ರಶ್ನೆಯನ್ನೇ ಕೇಳಿದರು. “ಬಲೆಗೆ ಬಿದ್ದ ಎಲ್ಲಕ್ಕಿಂತ ದೊಡ್ಡ ಮೀನನ್ನು ನಿಮ್ಮ ಜನ ಯಾಕೆ ಬಿಟ್ಟಾರು?” ವರ ತಡವರಿಸಿದಳು. ಆ ಗುತ್ತಿಗೆದಾರನ ನಗು ಅವಳ ಕಿವಿಗೆ ಬಿದ್ದಿರಬೇಕು. “ಅದು ನನಗಿನ್ನೂ ಗೊತ್ತಿಲ್ಲ,” ಎಂದು ಕೂತಳು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಪ್ರಸಾದ್ ಎದ್ದ. ಅದೇ ಪ್ರಶ್ನೆ ಅವನಿಗೂ ಬಂತು. ಅವನು ಕೆಂಪು ಬಟ್ಟೆ ಕಟ್ಟಿದ ಸೋರೆಕಾಯಿ ಎಂದು ಶುರು ಮಾಡಿ, ಎರಡು ವಾಕ್ಯ ಹೇಳಿ ನಿಲ್ಲಿಸಿಬಿಟ್ಟ. “ಈ ಉತ್ತರ ನನ್ನದಲ್ಲ. ವರಲಕ್ಷ್ಮಿಯವರ ತಾಯಿಯ ಮನೆಯದು. ನನಗೆ ಹೇಳಿದ್ದು ಇವರ ಯಜಮಾನರು. ಅಕ್ಕನ ಮನೆಯ ಮಾತನ್ನು ನಾನು ಹೇಳಿ ಗೆಲ್ಲುವುದು ಸರಿಯಲ್ಲ, ಅವರೇ ಪೂರ್ತಿ ಮಾಡಲಿ,” ಎಂದು ಕೂತ.

ಅಕ್ಕ! ಬಾವ ಎಂದರೆ ಅಕ್ಕನ ಗಂಡ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಬಾಯಿ ತೆರೆದಾಗಲೆಲ್ಲ ಆ ಪುಣ್ಯಾತ್ಮ ಅದನ್ನೇ ಹೇಳುತ್ತಿದ್ದ. ಹೊಟ್ಟೆ ಉರಿಯುವವನಿಗೆ ಕಿವಿ ಮಂದ.

ವರ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಎದ್ದು ನಿಂತು ಅಮ್ಮನ ಚಪ್ಪರದ ಕಥೆ ಹೇಳಿದಳು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು, ನನಗೆ ಹೊಳೆಯದ ಒಂದು ಮಾತನ್ನೂ ಸೇರಿಸಿದಳು: “ನಮ್ಮೂರಿನ ಕಳ್ಳನೂ ಬೀಜದ ಕಾಯಿ ಮುಟ್ಟುವುದಿಲ್ಲ. ಪೊಲೀಸರ ಭಯಕ್ಕಲ್ಲ, ಮುಂದಿನ ವರ್ಷ ಕದಿಯಲು ಕಾಯಿ ಬೇಕಲ್ಲ ಎಂದು. ಯಾವುದು ಬೀಜದ್ದು ಎಂದು ಅವನಿಗೆ ಬಟ್ಟೆ ನೋಡಿ ಗೊತ್ತಾಗುತ್ತದೆ. ನಮ್ಮಲ್ಲಿ ಆಜ್ಞೆ ಬರೆದೆವು, ಬಟ್ಟೆ ಕಟ್ಟುವುದನ್ನು ಮರೆತೆವು. ನಾನು ಕಲಿಯಬೇಕಾದದ್ದು ಅದನ್ನು.”

ಚಪ್ಪಾಳೆ ಶುರುವಾಯಿತು. ಹೆಲೆನ್ ಅಂದೇ ಸಂಜೆ ಹೆಸರು ಹೇಳಿದರು. ಯಾರ ಹೆಸರೆಂದು ಬೇರೆ ಹೇಳಬೇಕಿಲ್ಲ. ಮಾಡಿದ್ದುಣ್ಣೋ ಮಹರಾಯ.

ಕೊಲ್ಲಿ

ವಿಮಾನ ಹತ್ತುವ ಮುಂಚೆ ಹೆಲೆನ್ ನಮ್ಮನ್ನು ಮತ್ತೊಮ್ಮೆ ಕೊಲ್ಲಿಗೆ ಕರೆದೊಯ್ದರು. ವರ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. “ನಮ್ಮನೆಯವ್ರು ಏನಂತಾರೋ ನೋಡಿ ಹೇಳ್ತೀನಿ,” ಎಂದಿದ್ದಳು. ಅಂದರೆ ಚೆಂಡು ನನ್ನ ಕೈಯಲ್ಲಿತ್ತು. ಬೇಡ ಎಂದರೆ ಮುಗಿಯಿತು, ಅವಳು ಮರುಮಾತಾಡುವವಳಲ್ಲ. ಬೇಡ ಎನ್ನುವ ಮಾತನ್ನು ರಾತ್ರಿಯೇ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ.

ಅವಳಿಗೆ ಸೊಂಟದ ಮೇಲಿನವರೆಗೆ ಬರುವ ರಬ್ಬರಿನ ಉಡುಪು ಹಾಕಿಸಿ ನೀರಿಗಿಳಿಸಿದರು. ಮೈ ಕೊರೆಯುವ ನೀರು. ಹೆಲೆನ್ ಒಂದು ಮರಿಯ ಬೆನ್ನಿನ ರೆಕ್ಕೆಗೆ ಗುರುತಿನ ಬಿಲ್ಲೆ ಸಿಕ್ಕಿಸಿ ಇವಳ ಕೈಗೆ ಕೊಟ್ಟರು. ಬಿಲ್ಲೆ ಕೆಂಪಗಿತ್ತು. ವರ ಅದನ್ನು ಎರಡು ಅಂಗೈಗಳ ಮೇಲೆ ನೀರಿನಲ್ಲೇ ಮಲಗಿಸಿಕೊಂಡು, ತಲೆ ಬಾಗಿಸಿ, ಅದಕ್ಕೇನೋ ಹೇಳುತ್ತಿದ್ದಳು. ತೆಲುಗೋ ಕನ್ನಡವೋ ದಡಕ್ಕೆ ಕೇಳಲಿಲ್ಲ. ಮರಿ ಒಮ್ಮೆ ಬಾಲ ಬೀಸಿ ಹೋಯಿತು. ಅವಳು ತಲೆ ಎತ್ತಿದಳು. ಆ ಮುಖವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಪ್ರಸಾದನ ಮೇಲಿದ್ದದ್ದು ಹೊಟ್ಟೆಕಿಚ್ಚೇ ಅಲ್ಲ ಎಂದು ಆಗ ಗೊತ್ತಾಯಿತು. ನಿಜವಾದ ಹೊಟ್ಟೆಕಿಚ್ಚು ಮೊಳದುದ್ದದ ಒಂದು ಮೀನಿನ ಮರಿಯ ಮೇಲೆ. ಆದರೆ ಆ ಮುಖವನ್ನು ಕಂಡಮೇಲೆ ಬೇಡ ಎಂದು ಹೇಳಿ, ಊರಿಗೆ ಹೋಗಿ ದಿನಾ ಯಾವ ಮುಖ ನೋಡಿಕೊಂಡು ಕಾಫಿ ಕುಡಿಯುವುದು?

ದಡಕ್ಕೆ ಬಂದವಳಿಗೆ ಟವೆಲು ಕೊಟ್ಟೆ. “ಹೋಗು,” ಎಂದೆ. ಬಾಯಿಪಾಠ ಮಾಡಿದ್ದು ಅದಲ್ಲ.

“ಎಲ್ಲಿಗೆ ರೀ?”

“ಇಲ್ಲಿಗೇ. ಒಂದು ವರ್ಷ ತಾನೇ? ನಾನೇನು ಅಡುಗೆ ಮಾಡ್ಕೊಳ್ಳಲ್ವಾ?”

“ಉಪ್ಪಿಟ್ಟು ಸೀಯಿಸ್ತೀರ,” ಎಂದಳು. ಟವೆಲು ಹೆಗಲಿಗೆ ಹೊದ್ದುಕೊಂಡಳು. “ನಿಜವಾಗ್ಲೂ ಹೇಳ್ತಿದೀರಾ? ಹೊಟ್ಟೆ ಉರ್ಕೊಳ್ಳಲ್ವಾ?”

“ಉರ್ಕೊತೀನಿ. ಉರ್ಕೊಂಡೇ ಹೇಳ್ತಿದೀನಿ, ಹೋಗು.”

ಗೌರಿಬಿದನೂರು

ಊರಿಗೆ ಬಂದು ಕೆಲವು ತಿಂಗಳಿಗೆ ಅವಳು ಒಬ್ಬಳೇ ಹೊರಟಳು. ಈ ಸಲ ಅತ್ತೆಯ ಕೈಗೆ ಸಿಗದ ಹಾಗೆ ಚೀಲವನ್ನು ನಾನೇ ಕಟ್ಟಿದೆ. ಭಾನುವಾರ ಫೋನು ಮಾಡುತ್ತಾಳೆ. ಈಗ ಹಾಲಿನ ಮಾತಿಲ್ಲ. “ಇವತ್ತೊಂದು ದೊಡ್ಡ ತಾಯಿ ಬಂದಿತ್ತು ರೀ, ನೀವು ನೋಡ್ಬೇಕಿತ್ತು,” ಎಂದು ಉದ್ದಕ್ಕೆ ಮಾತಾಡುತ್ತಾಳೆ. ಆ ತಾಯಿ ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡು, ಮರಿಗಳೆಷ್ಟು ಎಂದು ಕೇಳುತ್ತೇನೆ. ಪ್ರಸಾದನೂ ಕಾಕಿನಾಡದಿಂದ ಆಗಾಗ “ಬಾವಗಾರು, ಅಕ್ಕ ಹೇಗಿದಾರೆ?” ಎಂದು ವಿಚಾರಿಸುತ್ತಾನೆ. ಹೆಸರಿನ ಚೀಟಿಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ.

ಈ ವರ್ಷವೂ ಕರಿಹಲಗೆಯ ಮೇಲೆ ಆಸ್ಟ್ರೇಲಿಯಾ ಬರೆದೆ. ಚುಕ್ಕಿ ಕೊಂಚ ದೊಡ್ಡದಾಯಿತು. ಪರೀಕ್ಷೆಯ ಪೇಪರು ಕೊಟ್ಟ ದಿನ ಮುಂದಿನ ಬೆಂಚಿನ ಶಬಾನಾ ತನ್ನ ಪೇಪರು ಹಿಡಿದು ಎದ್ದು ಬಂದಳು.

“ಸಾರ್, ಟಾಸ್ಮೇನಿಯಾ ಬಿಟ್ಟಿದ್ದಕ್ಕೆ ಪೂರ್ತಿ ಒಂದು ಮಾರ್ಕು ಕಟ್ ಮಾಡಿದೀರ. ಹೋದ ವರ್ಷ ನಮ್ಮಕ್ಕಂಗೆ ಅರ್ಧ ತಾನೇ ಮಾಡಿದ್ದು? ಅಷ್ಟು ಸಣ್ಣ ಚುಕ್ಕಿಗೆ ಒಂದು ಮಾರ್ಕಾ ಸಾರ್?”

“ಆಗ ಅದು ಬರೀ ಚುಕ್ಕಿ ಕಣಮ್ಮ,” ಎಂದೆ. “ಈಗ ಅಲ್ಲಿ ನಮ್ಮನೆಯವ್ರು ಇದಾರೆ.”